ಪಟ್ಟಿಯಲ್ಲಿ ಅಜ್ಜ ಇದ್ದರು

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಪಂಚಾಯಿತಿ ಮುಂದೆ ಬೇವಿನ ಮರ ಇತ್ತು ಎಂದು ನನಗನ್ನಿಸುತ್ತದೆ. ಅಲ್ಲಿ ಮರವೇ ಇರಲಿಲ್ಲ, ತಗಡಿನ ಚಪ್ಪರ ಇತ್ತು ಎಂದು ಅಪ್ಪ ಹೇಳುತ್ತಾರೆ. ನಾನು ಕುರ್ಚಿಯಲ್ಲಿ ಕೂತಿದ್ದೆನೋ, ಶಾಲೆಯಿಂದ ತಂದ ಬೆಂಚಿನ ಮೇಲೋ, ಅದೂ ಗೊತ್ತಿಲ್ಲ. ಆ ದಿನಗಳಲ್ಲಿ ನಾನು ತಪ್ಪದೆ ಡೈರಿ ಬರೆಯುತ್ತಿದ್ದೆ. ಹಿಂದಿನ ದಿನದ್ದು ಎರಡು ಪುಟ ಇದೆ, ಮರುದಿನದ್ದೂ ಎರಡು ಪುಟ. ಆ ದಿನದ್ದು ಇಷ್ಟೇ: "ಊರಲ್ಲಿ ಪಟ್ಟಿ ಓದಿದೆ. ಬಿಸಿಲು. ಗಂಟಲು ಕಟ್ಟಿದೆ. ಅತ್ತೆ ಮಜ್ಜಿಗೆ ಕೊಟ್ಟಳು."

ಖಚಿತವಾಗಿ ಗೊತ್ತಿರುವುದು ಒಂದೇ. ಪಟ್ಟಿಯ ಮೂರನೇ ಹಾಳೆಯಲ್ಲಿ ಅಜ್ಜನ ಹೆಸರು ಇತ್ತು. ಅಜ್ಜ ತೀರಿಕೊಂಡು ಆಗ ಹನ್ನೊಂದು ವರ್ಷವಾಗಿತ್ತು. ಆ ಹೆಸರಿನ ಮುಂದೆ ನೀಲಿ ಪೆನ್ನಿನಿಂದ ಇಂಟು ಮಾರ್ಕು ಹಾಕಿದವಳು ನಾನು.

ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ನನಗೆ ಗುತ್ತಿಗೆಯ ಕೆಲಸ ಸಿಕ್ಕಿತ್ತು. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಬಾಲ ಹಿಡಿದುಕೊಂಡಂತೆ ಒಂದರ ಹಿಂದೊಂದು ಇಳಿಯುತ್ತಿದ್ದ ವರ್ಷಗಳವು. ಬಸ್‌ಸ್ಟ್ಯಾಂಡಿನಲ್ಲಿ ಹಂಪಿಗೆ ಬಂದ ವಿದೇಶಿಯರು ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿರುತ್ತಿದ್ದರು. ನಾವು ಕಟ್ಟಿಕೊಳ್ಳುತ್ತಿರಲಿಲ್ಲ. ಬಿಳಿ ಬಟ್ಟೆ ಕೊಳ್ಳುವುದನ್ನು ನಿಲ್ಲಿಸಿದ್ದೆವು, ಅಷ್ಟೇ. ಇಡೀ ಕಚೇರಿಯಲ್ಲಿ ಎ.ಸಿ. ಇದ್ದದ್ದು ನಮ್ಮ ಕೋಣೆಯಲ್ಲಿ ಮಾತ್ರ, ಅದೂ ಕಂಪ್ಯೂಟರಿನ ಸಲುವಾಗಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬೇಕಿತ್ತು. ಮಧ್ಯಾಹ್ನ ಬೇರೆ ಕೋಣೆಗಳ ಗುಮಾಸ್ತರು ಬುತ್ತಿ ಹಿಡಿದುಕೊಂಡು ತಂಪಿಗೆ ನಮ್ಮಲ್ಲಿಗೆ ಬರುತ್ತಿದ್ದರು. ಎಷ್ಟು ಮುಚ್ಚಿದರೂ ಕೀಬೋರ್ಡಿನ ಸಂದಿಗಳಲ್ಲಿ ಕೆಂಪು ದೂಳು ಕೂರುತ್ತಿತ್ತು. ಶನಿವಾರ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಕೆರೆಯುವುದು ನನ್ನ ಕೆಲಸಗಳಲ್ಲಿ ಒಂದಾಗಿತ್ತು.

ಬೆಳೆ ಹಾಳಾದ ವರ್ಷ ಬೀಜ ಗೊಬ್ಬರದ ಖರ್ಚಿಗೆಂದು ಸರ್ಕಾರ ರೈತರಿಗೆ ಕೊಡುವ ಸಹಾಯಧನಕ್ಕೆ ಎಲ್ಲರೂ ಇನ್‌ಪುಟ್ ಸಬ್ಸಿಡಿ ಎನ್ನುತ್ತಿದ್ದರು. ಮೊದಲು ಅದರ ಪಟ್ಟಿಯನ್ನು ಗ್ರಾಮಲೆಕ್ಕಿಗರು ಕೈಯಲ್ಲಿ ಬರೆಯುತ್ತಿದ್ದರು. ಯಾರಿಗೆ ಎಷ್ಟು ಎಂಬುದು ಅವರ ಚೀಲದೊಳಗಿನ ಪುಸ್ತಕದಲ್ಲಿರುತ್ತಿತ್ತು, ಬೇರೆ ಯಾರೂ ನೋಡುತ್ತಿರಲಿಲ್ಲ. ಈಗ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದಿದ್ದವು. ಪಹಣಿಯಲ್ಲಿರುವ ಹೆಸರು, ಎಕರೆ, ಬೆಳೆ ನೋಡಿ ಕಂಪ್ಯೂಟರೇ ಪಟ್ಟಿ ಮಾಡುತ್ತಿತ್ತು. ಆ ಪಟ್ಟಿಯನ್ನು ಊರಿನಲ್ಲಿ ಎಲ್ಲರೆದುರು ಓದಿ, ಸತ್ತವರ ಹೆಸರಿದ್ದರೆ ಗುರುತು ಹಾಕಿ, ಆಮೇಲೆ ಪಂಚಾಯಿತಿ ಗೋಡೆಗೆ ಅಂಟಿಸಬೇಕು ಎಂದು ಹೊಸ ಆದೇಶ ಬಂದಿತ್ತು. "ಇನ್ನ ಮುಂದ ಗಾಜಿನ ಮನಿ ಇದ್ದಂಗ ನೋಡ್ರಿ, ಹೊರಗ ನಿಂತವರಿಗೂ ಒಳಗಿಂದು ಕಾಣ್ತೈತಿ," ಎಂದು ನಮ್ಮ ಮೇಲಧಿಕಾರಿ ಹೇಳಿದ್ದರು. ನನಗೆ ಆ ಮಾತು ಇಷ್ಟವಾಗಿತ್ತು. ಅದು ಡೈರಿಯಲ್ಲಿದೆ, ಅಡಿಗೆರೆ ಸಮೇತ.

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನಮ್ಮ ಹೊಲದ ಪಹಣಿಯನ್ನು ತೆರೆದು ನೋಡಿದ್ದೆ. ಪಾಪಿನಾಯಕನಹಳ್ಳಿ ದಾಟಿದ ಮೇಲೆ ಬರುವ ನಮ್ಮೂರಿನಲ್ಲಿ ರಸ್ತೆಗೆ ಹತ್ತಿದಂತೆಯೇ ಇದ್ದ ನಾಲ್ಕು ಎಕರೆ. ಒಡೆಯರ ಕಾಲಂನಲ್ಲಿ ಅಜ್ಜನ ಹೆಸರು. ಹನ್ನೆರಡನೇ ಕಾಲಂನಲ್ಲಿ ಯಾರು ಉಳುಮೆ ಮಾಡುತ್ತಾರೆ ಎಂದು ಬರೆಯಬೇಕು. ಅಲ್ಲಿ "ಸ್ವತಃ" ಎಂದಿತ್ತು. ಬೆಳೆ, ಜೋಳ. ಹಿಂದಿನ ವರ್ಷವೂ ಸ್ವತಃ, ಜೋಳ. ಅದರ ಹಿಂದಿನ ವರ್ಷವೂ. ಸತ್ತ ಅಜ್ಜ ವರ್ಷ ತಪ್ಪದೆ ಸ್ವತಃ ಉತ್ತು ಬಿತ್ತಿ ಜೋಳ ಬೆಳೆದಿದ್ದರು. ನಾನು ಒಬ್ಬಳೇ ಕೂತು ನಕ್ಕಿದ್ದೆ.

ಉತ್ತು ಬಿತ್ತುತ್ತಿದ್ದವಳು ಅತ್ತೆ, ಅಪ್ಪನ ಅಕ್ಕ. ಅವಳನ್ನು ಕಂಪ್ಲಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಎರಡು ವರ್ಷಕ್ಕೆ ಟ್ರಂಕು ಹೊತ್ತುಕೊಂಡು ತಿರುಗಿ ಬಂದಳು. ಯಾಕೆ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಪ್ಪ ಹೊಸಪೇಟೆಯಲ್ಲಿ ಅಂಗಡಿ ಹಾಕಿದರು, ಚಿಕ್ಕಪ್ಪ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾದರು, ಅತ್ತೆ ಅಜ್ಜನ ಜೊತೆ ಹೊಲದಲ್ಲಿ ಉಳಿದಳು. ಅಜ್ಜ ಹೋದ ಮೇಲೂ ಉಳಿದಳು. ಜೋಳ, ಶೇಂಗಾ, ಬದುವಿನ ಗುಂಟ ತೊಗರಿ. ರೈತ ಕೇಂದ್ರಕ್ಕೆ ಅಜ್ಜನ ಪಹಣಿ ಒಯ್ದು ಅಜ್ಜನ ಹೆಸರಿಗೆ ಬೀಜದ ಚೀಲ ತರುತ್ತಿದ್ದಳು. ಸಬ್ಸಿಡಿ ಬಂದರೆ ಅಜ್ಜನ ಹೆಸರಿನ ಮುಂದೆ ತನ್ನ ಹೆಬ್ಬೆಟ್ಟು ಒತ್ತುತ್ತಿದ್ದಳು. ಗ್ರಾಮಲೆಕ್ಕಿಗರಿಗೆ ಇದು ಗೊತ್ತಿತ್ತು. ಊರಿಗೇ ಗೊತ್ತಿತ್ತು.

ಖಾತೆ ಬದಲಾಯಿಸದೆ ಸತ್ತವರ ಹೆಸರಿನಲ್ಲೇ ಬಿಡುವುದು ನಮ್ಮ ಮನೆಯ ಉಪಾಯ ಮಾತ್ರವಾಗಿರಲಿಲ್ಲ. ಆ ಸೀಮೆಯಲ್ಲಿ ಹಲವು ಮನೆಗಳು ಹಾಗೆಯೇ ನಡೆಯುತ್ತಿದ್ದವು. ಹೆಸರು ಎತ್ತಿದರೆ ಪಾಲು ಕೇಳುವವರು ಏಳುತ್ತಾರೆ, ಎತ್ತದಿದ್ದರೆ ಉಳುವವರು ಉಳುತ್ತಾರೆ. ಅದಿರಿನ ಕಾಲ ಬಂದ ಮೇಲೆ ಇದಕ್ಕೆ ಇನ್ನೊಂದು ಕಾರಣ ಸೇರಿತು. ರಸ್ತೆ ಪಕ್ಕದ ಹೊಲಗಳನ್ನು ಬಾಡಿಗೆಗೆ ಹಿಡಿದು, ಬೆಳೆ ತೆಗೆದು, ನೆಲ ಗಟ್ಟಿ ಮಾಡಿ, ಅದಿರು ರಾಶಿ ಹಾಕುತ್ತಿದ್ದರು. ಅದಕ್ಕೆ ಪ್ಲಾಟು ಎನ್ನುತ್ತಿದ್ದರು. ಕರಾರಿಗೆ ಪಹಣಿಯಲ್ಲಿ ಹೆಸರಿದ್ದ ಬದುಕಿರುವ ಒಡೆಯನ ಸಹಿ ಬೇಕಿತ್ತು. ಅಜ್ಜ ಸಹಿ ಹಾಕುವಂತಿರಲಿಲ್ಲ.

"ನಿಮ್ಮಜ್ಜನ ಹೆಸರು ತಗಸಿದ್ವಿ ಅಂದ್ರ ಮೊದಲು ಮೂರು ಪಾಲು ಅಂತಾರ," ಎಂದು ಅತ್ತೆ ಒಮ್ಮೆ ಹೇಳಿದ್ದಳು. "ಆಮ್ಯಾಲ ಎರಡು ಪಾಲು ಅಂತಾರ. ನನ್ನ ಎಣಸಂಗಿಲ್ಲ. ಇರ್ಲಿ ಬಿಡು, ಮುದುಕ ಕಾಯ್ಲಿ."

ಅವಳಿಗೆ ಇದ್ದದ್ದು ಆ ಹೊಲ. ಆ ಹೊಲಕ್ಕೆ ಇದ್ದ ಬೇಲಿ ಅಜ್ಜನ ಹೆಸರು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ.

ಕಮಲಾಪುರ, ಬುಕ್ಕಸಾಗರಗಳಲ್ಲಿ ಪಟ್ಟಿ ಓದಿ ಬಂದಿದ್ದೆವು. ಅಲ್ಲಿ ಕಾಲುವೆ ನೀರಿನ ಭತ್ತ ಬಾಳೆಯ ಹೊಲಗಳು, ಅದಿರಿನವರ ಕಣ್ಣು ಅಷ್ಟಾಗಿ ಬಿದ್ದಿರಲಿಲ್ಲ. ಓದಿದ್ದು ಬೇಗ ಮುಗಿದಿತ್ತು. ನಮ್ಮೂರಿಗೆ ಹೋದದ್ದು ಆಮೇಲೆ. ಅಲ್ಲಿನ ಗ್ರಾಮಲೆಕ್ಕಿಗರು ನಿವೃತ್ತಿಗೆ ಹತ್ತಿರವಾದ, ಮೆತ್ತನೆ ಮಾತಿನ ಮನುಷ್ಯ. ಊರವರು ಅವರನ್ನು ವಿಎ ಎನ್ನುತ್ತಿದ್ದರು. ಅವರ ಕನ್ನಡಕಕ್ಕೆ ಪ್ರಿಂಟರಿನ ಮಾಸಿದ ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ಓದುವ ಕೆಲಸವೂ ಗುರುತು ಹಾಕುವ ಕೆಲಸವೂ ನನ್ನದಾಯಿತು. ಬದುಕಿದ್ದರೆ ರೈಟ್ ಮಾರ್ಕು, ಸತ್ತಿದ್ದರೆ ಇಂಟು ಮಾರ್ಕು.

ನಾನು ಹೆಸರು ಓದುತ್ತಿದ್ದೆ. ವಿಎ, "ಅದಾರೇನ್ರೀ?" ಎನ್ನುತ್ತಿದ್ದರು. ಜನ, "ಅದಾರ್ರೀ" ಎನ್ನುತ್ತಿದ್ದರು. ಮೊದಲ ಹಾಳೆಯ ನಡುವೆ ಒಬ್ಬರ ಹೆಸರು ಬಂತು. ನನಗೆ ಬುದ್ಧಿ ಬಂದಾಗಿನಿಂದ ಕಂಡಿದ್ದ ಹಿರಿಯರು. ಸತ್ತಾಗ ಅವರ ಗಣಾರಾಧನೆಯ ಊಟವನ್ನು ನಾನೇ ಉಂಡಿದ್ದೆ.

"ಅದಾರೇನ್ರೀ?"

"ಅದಾರ್ರೀ," ಅಂದರು ಜನ, ಮೊದಲಿನಷ್ಟೇ ಜೋರಾಗಿ.

ವಿಎ ಕನ್ನಡಕ ತೆಗೆದು ಜನರ ಕಡೆ ನೋಡಿದರು. "ಎಲ್ಲ್ಯದಾರ?"

"ನಿನ್ನಿ ಕನಸಿನ್ಯಾಗ ಬಂದಿದ್ದರ್ರೀ," ಅಂದ ಒಬ್ಬ ಮುದುಕ. "ಬೀಡಿ ಕೇಳಿದ್ರು."

"ಕೊಟ್ಟಿಯೇನು?" ಎಂದ ಅವನ ಪಕ್ಕದವನು.

"ರೊಕ್ಕ ಬರ್ಲಿ ತಡಿ ಅಂದೆ."

ಎಲ್ಲರೂ ನಕ್ಕರು. ವಿಎ ಕೂಡ. "ಲೇ, ಕಂಪ್ಯೂಟರ್ ಮುಂದ ಸುಳ್ಳು ಹೇಳಬ್ಯಾಡ್ರೋ."

"ಕಂಪ್ಯೂಟರ್ ಎಲ್ಲೈತ್ರೀ ಸಾಹೇಬ್ರ, ಇದು ಬರೇ ಹಾಳಿ."

ನಾನು ರೈಟ್ ಮಾರ್ಕು ಹಾಕಿದೆ. ಆಮೇಲೆ ಬಂದ ಸತ್ತವರಿಗೂ ಜನ ಹಾಗೆಯೇ ಹಾಜರಿ ಹೇಳಿದರು. ಒಬ್ಬರ ಮನೆಯ ಸತ್ತವನಿಗೆ ಇನ್ನೊಂದು ಮನೆಯವರು ಮೊದಲು ದನಿ ಕೊಡುತ್ತಿದ್ದರು. ತಮ್ಮ ಮನೆಯವನ ಹೆಸರು ಬಂದಾಗ ಅವರು ಕೊಡಲಿ ಎಂದು. ಆಕ್ಷೇಪಣೆ ಇದ್ದರೆ ಹೇಳಿ ಎಂದು ನಾನು ಹಾಳೆಗೊಮ್ಮೆ ಓದಬೇಕಿತ್ತು. ಓದಿದೆ. ಯಾರಿಗೂ ಆಕ್ಷೇಪಣೆ ಇರಲಿಲ್ಲ. ಸತ್ತ ಐವರಿಗೆ ನಾನು ರೈಟ್ ಮಾರ್ಕು ಹಾಕಿದ್ದು ನಿಜ. ಆ ಹಾಳೆಗಳ ನಕಲು ಬಹಳ ದಿನ ನನ್ನ ಬಳಿ ಇತ್ತು, ಎಣಿಸಿ ನೋಡಿದ್ದೇನೆ.

ಮೂರನೇ ಹಾಳೆ. ಅಜ್ಜನ ಹೆಸರನ್ನು ಓದಿದೆ. ಓದುವಾಗ ದನಿ ನಡುಗಿತು ಎಂದು ಬರೆಯಬಹುದಿತ್ತು, ಆದರೆ ಹಾಗಾದ ನೆನಪಿಲ್ಲ. ಅತ್ತೆ ಮುಂದಿನ ಸಾಲಿನಲ್ಲಿ, ನನ್ನ ಕಾಲ ಬಳಿಯೇ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಜ್ಜಿಗೆಯ ತಂಬಿಗೆ ಇತ್ತು, ಬಟ್ಟೆ ಮುಚ್ಚಿದ್ದು.

"ಅದಾರ್ರೀ," ಎಂದರು ಯಾರೋ. ಹೆಂಗಸಿನ ದನಿ. ಅತ್ತೆಯದೋ, ಅವಳ ಹಿಂದಿನವರದೋ.

ವಿಎ ನನ್ನ ಕಡೆ ಬಾಗಿದರು. ಅವರಿಗೆ ನಾನು ಯಾರ ಮೊಮ್ಮಗಳು ಎಂದು ಗೊತ್ತಿತ್ತು. ನನ್ನ ಪೆನ್ನು ಎಲ್ಲಿ ನಿಂತಿದೆ ಎಂದು ನೋಡಿ, ನನಗಷ್ಟೇ ಕೇಳುವಂತೆ, "ಹಾಕಲೇಬೇಕೇನ್ರೀ?" ಅಂದರು.

"ಹಾಕಬೇಕಲ್ಲ ಸರ್," ಎಂದೆ.

ಹಾಕಿದೆ. ರೈಟ್ ಮಾರ್ಕಿಗೆ ಪೆನ್ನು ಒಂದೇ ಸಲ ಕೆಳಗಿಳಿದು ಮೇಲೇರುತ್ತದೆ. ಇಂಟು ಮಾರ್ಕಿಗೆ ಪೆನ್ನನ್ನು ಎತ್ತಿ ಇನ್ನೊಮ್ಮೆ ಇಡಬೇಕು. ಓದು ಬರದವರಿಗೂ ಆ ವ್ಯತ್ಯಾಸ ಕಾಣುತ್ತದೆ. ಮುಂದಿನ ಹೆಸರು ಓದಿದೆ.

ಯಾಕೆ ಹಾಕಿದೆ ಎಂಬುದಕ್ಕೆ ನನ್ನಲ್ಲಿ ಮೂರು ಉತ್ತರಗಳಿವೆ. ನಿಯಮ ಹಾಗಿತ್ತು ಎಂಬುದು ಮೊದಲನೆಯದು. ಆದರೆ ಆ ಐವರ ವಿಷಯದಲ್ಲಿ ನಿಯಮ ನನಗೆ ನೆನಪಾಗಿರಲಿಲ್ಲ. ಎರಡನೆಯದು, ನಮ್ಮ ಮನೆಯವರಿಗೂ ವಿನಾಯಿತಿ ಕೊಡದವಳು ಎಂದು ವಿಎ ಕಚೇರಿಯಲ್ಲಿ ಹೇಳಲಿ ಎಂಬ ಆಸೆ. ಅವರು ಹೇಳಿದರು ಕೂಡ, ಮೇಲಧಿಕಾರಿ ನನ್ನನ್ನು ಹೊಗಳಿದರು. ಮೂರನೆಯದನ್ನು ನಾನು ಹೆಚ್ಚು ಬಳಸುತ್ತೇನೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಬಂದ ಹೊಸತು ಅದು. ಅಜ್ಜನ ಹೆಸರು ಹೋದರೆ ವಾರಸುದಾರರ ಹೆಸರು ಬರುತ್ತದೆ, ಮೂರರಲ್ಲಿ ಒಂದು ಅತ್ತೆಯದು, ಮೊದಲ ಸಲ ಅವಳ ಹೆಸರು ಒಂದು ಕಾಗದದಲ್ಲಿ ಅಚ್ಚಾಗುತ್ತದೆ ಎಂದು ನಾನು ನಂಬಿದ್ದೆ. "ನಿನ್ನ ಹೆಸರೂ ಬರ್ತೈತಿ ಅತ್ತಿ," ಎಂದು ಅವಳಿಗೆ ಹೇಳಿದ್ದೆ ಕೂಡ. ಯಾವಾಗ ಹೇಳಿದೆ? ಅದಕ್ಕೂ ಮೊದಲೋ, ಎಲ್ಲ ಮುಗಿದ ಮೇಲೋ? ಡೈರಿಯಲ್ಲಿ ಎಲ್ಲಿ ಹುಡುಕಿದರೂ ಆ ಮಾತಿಲ್ಲ. ಬಹುಶಃ ನಾನು ಅದನ್ನು ಹೇಳಲೇ ಇಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಯೋಚಿಸಿ ಯೋಚಿಸಿ ಅದು ನೆನಪಾಗಿಬಿಟ್ಟಿದೆ.

ಓದಿ ಮುಗಿದಾಗ ಅತ್ತೆ ತಂಬಿಗೆಯ ಬಟ್ಟೆ ತೆಗೆದು ಮಜ್ಜಿಗೆ ಕೊಟ್ಟಳು. "ಗಂಟಲು ಹರಕೊಂಡಿ ನೋಡು ಕೂಗಿ ಕೂಗಿ," ಎಂದಳು. "ಸತ್ತೋರಿಗೂ ಕೇಳಿಸಿರಬೇಕು."

ಮರುದಿನ ಕೋಣೆಯಲ್ಲಿ ಕೂತು ಗುರುತುಗಳನ್ನು ಕಂಪ್ಯೂಟರಿಗೆ ಏರಿಸಿದೆ. ಅಜ್ಜನ ಸಾಲಿಗೆ ಬಂದು "ಮೃತ" ಎಂದು ಆರಿಸಿದಾಗ, ಖಚಿತವೇ ಎಂದು ಅದು ಇನ್ನೊಮ್ಮೆ ಕೇಳಿತು. ಕೇಳುವುದು ಅದರ ರೂಢಿ. ಹೌದು ಎಂದು ಒತ್ತಿದೆ. ಆ ಸಾಲು ಪಟ್ಟಿಯಿಂದ ಎದ್ದು ಇನ್ನೊಂದು ಪಟ್ಟಿಗೆ ಹೋಗಿ ಕೂತಿತು: ಒಡೆಯರು ತೀರಿಕೊಂಡ, ವಾರಸುದಾರರು ಅರ್ಜಿ ಹಾಕಬೇಕಾದ ಜಮೀನುಗಳು. ಅದರಲ್ಲಿ ಊರು, ಸರ್ವೆ ನಂಬರು, ಎಕರೆ. ಅದನ್ನೂ ಗೋಡೆಗೆ ಅಂಟಿಸಬೇಕಿತ್ತು. ಕೆಳಗಿನ ಕಿಟಕಿಯಲ್ಲಿ ಕೇಳಿದವರಿಗೆಲ್ಲ ನಕಲು ಕೊಡಬೇಕಿತ್ತು. ಯಾವ ವಾರಸುದಾರನಾದರೂ ಬಂದು ಕೇಳಿದ್ದನ್ನು ನಾನು ನೋಡಲಿಲ್ಲ. ಆ ವಾರದಲ್ಲೇ ಒಬ್ಬರು ಬಂದರು, ಬಿಳಿ ಬೂಟು ಹಾಕಿದ್ದವರು. ಆ ದೂಳಿನಲ್ಲಿ ಬಿಳಿ ಬೂಟು ಹಾಕಿದವರನ್ನು ಅವರೊಬ್ಬರನ್ನೇ ಕಂಡಿದ್ದೆ, ಅದಕ್ಕೇ ನೆನಪು. ರಸ್ತೆ ಬದಿಯ ಊರುಗಳ ಪಟ್ಟಿಗಳನ್ನೆಲ್ಲ ತೆಗೆದುಕೊಂಡರು. ಪ್ರಿಂಟ್ ತಡವಾಯಿತೆಂದು ನಮ್ಮ ಕೋಣೆಯವರೆಗೆ ಬಂದು, ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ಬಹಳ ವಿನಯದಿಂದ ಮಾತಾಡಿದರು.

"ಭಾಳ ಅನುಕೂಲ ಆತ್ರೀ ಮೇಡಂ. ಮೊದಲು ಇವನ್ನ ಹುಡುಕಾಕ ಊರೂರು ತಿರಗಬೇಕಿತ್ತು. ಯಾರೂ ಬಾಯಿ ಬಿಡ್ತಿರಲಿಲ್ಲ."

ಚಿಕ್ಕಪ್ಪ ಕಂಪ್ಲಿಯಿಂದ ಬಂದದ್ದು ಅದಾದ ಒಂದೆರಡು ವಾರಕ್ಕೆ. ಗಿರಣಿಯ ಸಣ್ಣಕ್ಕಿಯ ಚೀಲ ತಂದಿದ್ದರು. ಪಡಸಾಲೆಯಲ್ಲಿ ಅಪ್ಪನ ಎದುರು ಕೂತು ಮಾತಾಡುತ್ತಿದ್ದುದು ಅಡಿಗೆಮನೆಗೆ ಕೇಳುತ್ತಿತ್ತು. ನಾನು ಚಹಾ ಸೋಸುತ್ತಿದ್ದೆ.

"ಹೆಂಗೂ ಅಪ್ಪನ ಹೆಸರು ಹೊರಗ ಬಿದ್ದೈತಲ್ಲಣ್ಣ. ಈಗ ಸುಮ್ಮನ ಕುಂತ್ರ ನಾಳೆ ಇನ್ನೊಬ್ಬ ಬಂದು ಏನರ ಮಾಡ್ಕೊಂತಾನ. ಪ್ಲಾಟಿನವರು ತಿಂಗಳಾ ಬಾಡಿಗಿ ಕೊಡ್ತಾರ, ಮುಂಗಡ ಬ್ಯಾರೆ."

"ಅಕ್ಕನ್ನ ಒಂದು ಮಾತು ಕೇಳಬೇಕಲ್ಲೋ."

"ಅಕ್ಕಗ ನಾ ಹೇಳ್ತೀನಿ. ಆಕಿಗೇನು ಕಡಿಮಿ ಮಾಡ್ತೀವೇನು ನಾವು?"

ಅಪ್ಪ ಕುರ್ಚಿ ಸರಿಸಿದ ಸದ್ದಾಯಿತು. ಆಮೇಲೆ, "ಇಷ್ಟು ವರ್ಷ ಇದ್ದ ಹೆಸರು, ಯಾರು ತಗದಾರಂತ?" ಎಂದರು.

"ಯಾವನೋ ಕಂಪ್ಯೂಟರಿನಾವ."

ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದೆ. ಚಿಕ್ಕಪ್ಪ, "ಏನವ್ವಾ, ಆಫೀಸು ಹೆಂಗೈತಿ?" ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಕಂಪ್ಯೂಟರಿನವರು ಯಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೆ ಅವರು ಎಷ್ಟು ನಾಜೂಕಿನ ಮನುಷ್ಯ ಎಂದು ಆಶ್ಚರ್ಯವಾಗುತ್ತದೆ.

ಅತ್ತೆಯ ಹೆಬ್ಬೆಟ್ಟನ್ನು ಒಂದು ಹಕ್ಕು ಬಿಡುಗಡೆ ಪತ್ರದ ಮೇಲೆ ತೆಗೆದುಕೊಂಡರು. ಅವಳೇ ಅವ್ವನಿಗೆ ಹೇಳಿದ್ದಳು: "ತಮ್ಮ ಬಂದಿದ್ದ, ಸಬ್ಸಿಡಿ ಕಾಗದ ಅಂದ, ಒತ್ತೀನಿ." ಅವಳ ಮಟ್ಟಿಗೆ ಹೆಬ್ಬೆಟ್ಟು ಒತ್ತುವುದೆಂದರೆ ಅದೇ ಆಗಿತ್ತು, ವರ್ಷಕ್ಕೊಮ್ಮೆ ಅಜ್ಜನ ಹೆಸರಿನ ಮುಂದೆ ಒತ್ತುವುದು. ಖಾತೆ ಬದಲಾವಣೆಯ ನೋಟಿಸು ಪಂಚಾಯಿತಿ ಗೋಡೆಯ ಮೇಲೆ ಒಂದು ತಿಂಗಳು ಇತ್ತು. ತಕರಾರು ಇದ್ದವರು ಬರವಣಿಗೆಯಲ್ಲಿ ಕೊಡಬೇಕು ಎಂದು ಅದರಲ್ಲಿತ್ತು. ಅತ್ತೆ ದಿನಾ ಆ ಗೋಡೆಯ ಮುಂದೆಯೇ ನಲ್ಲಿಗೆ ಹೋಗುತ್ತಿದ್ದಳು.

ಆ ತಿಂಗಳಲ್ಲಿ ನಾನು ಒಮ್ಮೆ ಊರಿಗೆ ಹೋಗಿದ್ದೆ. ಇದು ಡೈರಿಯಲ್ಲಿದೆ. ನೋಟಿಸನ್ನು ಓದಿದೆ. ನಮ್ಮದೇ ಪ್ರಿಂಟರಿನದು, ಮೇಲಿನ ಸಾಲು ಯಾವಾಗಲೂ ಅರ್ಧ ಮಾಸಿರುತ್ತಿತ್ತು. ಅದರಲ್ಲಿ ಎರಡು ಹೆಸರಿದ್ದವು, ಅಪ್ಪನದು ಮತ್ತು ಚಿಕ್ಕಪ್ಪನದು. ಆಮೇಲೆ ಹೊಲಕ್ಕೆ ಹೋದೆ. ಅತ್ತೆ ಶೇಂಗಾದ ಕಳೆ ತೆಗೆಯುತ್ತಿದ್ದಳು. ಎಲೆಗಳ ಮೇಲೆಲ್ಲ ಕೆಂಪು. ಅವಳು ಮುಟ್ಟಿದ ಕಡೆ ಮಾತ್ರ ಹಸಿರು ಕಾಣುತ್ತಿತ್ತು. ಹೇಳಬೇಕೆಂದೇ ಹೋಗಿದ್ದೆ. ಹೇಳಿದರೆ ಅವಳ ಪರವಾಗಿ ತಕರಾರು ಬರೆಯುವವಳು ನಾನೇ ಆಗಬೇಕಿತ್ತು, ಅಪ್ಪನ ವಿರುದ್ಧ. ಮೊದಲು ಹೆಸರು ತೆಗೆದದ್ದು ಯಾರೆಂದೂ ಹೇಳಬೇಕಾಗುತ್ತಿತ್ತು. ಅಪ್ಪ ಹೇಳಿಯೇ ಹೇಳುತ್ತಾರೆ ಎಂದುಕೊಂಡೆ. ಅವಳು ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಕಾಯಿ ಇನ್ನೂ ಎಳೆ ಇದೆ ಎಂದು ತೋರಿಸಿದಳು. "ಇನ್ನೊಂದು ಇಪ್ಪತ್ತು ದಿನ ಬೇಕು," ಅಂದಳು. ಐದು ಗಂಟೆಯ ಬಸ್ಸಿಗೆ ವಾಪಸು ಬಂದೆ.

ಖಾತೆಯ ಕೊನೆಯ ಒಪ್ಪಿಗೆಗೆ ಅಧಿಕಾರಿ ಒಂದು ಸಣ್ಣ ಯಂತ್ರದ ಮೇಲೆ ತಮ್ಮ ಬೆರಳಿಡಬೇಕಿತ್ತು, ಬೇರೆಯವರು ಮೋಸ ಮಾಡದಿರಲಿ ಎಂದು. ಬೆರಳಿಗೆ ದೂಳಿದ್ದರೆ ಅದು ಒಪ್ಪುತ್ತಿರಲಿಲ್ಲ. ಅವರು ಪ್ಯಾಂಟಿಗೆ ಒರೆಸಿಕೊಂಡು ಇನ್ನೊಮ್ಮೆ ಇಡುತ್ತಿದ್ದರು. ನಮ್ಮ ಹೊಲದ ಸರದಿ ಬಂದಾಗ ನಾನು ಅದೇ ಕೋಣೆಯಲ್ಲಿದ್ದೆನೇ? ಇದ್ದೆ ಎಂದೇ ಕಣ್ಣಿಗೆ ಕಟ್ಟಿದೆ. ಆದರೆ ಅವರು ಬೆರಳು ಒರೆಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ, ಯಾವುದು ನಮ್ಮದು ಎಂದು ಹೇಗೆ ಹೇಳಲಿ.

ಇಪ್ಪತ್ತು ದಿನ ಸಿಗಲಿಲ್ಲ. ನೆಲ ಗಟ್ಟಿ ಮಾಡುವ ಯಂತ್ರ ಹೊಲಕ್ಕೆ ಬರುವ ಹಿಂದಿನ ದಿನ ಚಿಕ್ಕಪ್ಪ ಕೂಲಿಯವರನ್ನು ಕರೆಸಿ ಶೇಂಗಾ ಕೀಳಿಸಿದರು. ಅತ್ತೆ ಬದುವಿನ ಮೇಲೆ ಕೂತಿದ್ದಳಂತೆ. ಅವಳು ಕೂಗಾಡಲಿಲ್ಲ, ಯಾರ ಮನೆಗೂ ಹೋಗಲಿಲ್ಲ. "ಮುದುಕ ಎಲ್ಲಿಗೆ ಹೋದ?" ಎಂದು ಒಂದೇ ಸಲ ಕೇಳಿದಳು ಎಂದು ಅವ್ವ ಹೇಳಿದಳು. ವಿಎ ಹೆಸರು ತೆಗೆದುಬಿಟ್ಟಿದ್ದಾರೆ ಎಂದು ಚಿಕ್ಕಪ್ಪ ಹೇಳಿದರಂತೆ.

ಮಳೆಗಾಲ ಕಳೆಯುವ ಹೊತ್ತಿಗೆ ನಾಲ್ಕು ಎಕರೆಯಲ್ಲಿ ಅದಿರಿನ ದಿಬ್ಬಗಳು ನಿಂತಿದ್ದವು. ಆಗ ಪ್ಲಾಟುಗಳಲ್ಲಿ ಹೆಂಗಸರು ಅದಿರನ್ನು ಜಾಲರಿಗೆ ಹಾಕಿ ಸೋಸುವ, ಗಟ್ಟಿ ಕಲ್ಲನ್ನು ಒಡೆಯುವ ಕೆಲಸ ಮಾಡುತ್ತಿದ್ದರು. ಒಂದು ದಿನ ಬಳ್ಳಾರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದೆ. ಲಾರಿಗಳ ಸಾಲಿನಿಂದ ಬಸ್ಸು ನಮ್ಮ ಹೊಲದ ಎದುರೇ ನಿಂತಿತ್ತು. ನಾಲ್ಕು ಹೆಂಗಸರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜಾಲರಿ ಆಡಿಸುತ್ತಿದ್ದರು. ಎಲ್ಲರ ಸೀರೆಯೂ ಒಂದೇ ಬಣ್ಣವಾಗಿತ್ತು. ಅವರಲ್ಲಿ ಒಬ್ಬಳು ಆಗಾಗ ನಿಂತು ಸೊಂಟಕ್ಕೆ ಎಡಗೈ ಇಟ್ಟುಕೊಳ್ಳುವ ರೀತಿಯಿಂದ ಅತ್ತೆ ಎಂದು ಗೊತ್ತಾಯಿತು. ಬದುವಿನ ತೊಗರಿ ಇದ್ದ ಜಾಗದಲ್ಲೇ ನಿಂತಿದ್ದಳು. ಬಸ್ಸು ಬಹಳ ಹೊತ್ತು ನಿಂತೇ ಇತ್ತು. ನಾನು ಇಳಿಯಲಿಲ್ಲ.

ಅತ್ತೆ ನಮ್ಮ ಮನೆಗೆ ಬಂದಾಗ ಕೇಳಿದರೆ, "ಜೋಳಕ್ಕಿಂತ ಚೊಲೋ ಐತವ್ವ, ವಾರಾ ವಾರಾ ಕೂಲಿ," ಎಂದಳು. ಅಪ್ಪ ತಲೆ ಎತ್ತಲಿಲ್ಲ. ಆ ಬಾಡಿಗೆಯಲ್ಲಿ ಅಪ್ಪನ ಪಾಲಿನಿಂದ ನಮ್ಮ ಮನೆಗೆ ಮೇಲಂತಸ್ತು ಬಂತು. ಇದನ್ನು ಬರೆಯುತ್ತಿರುವ ಕೋಣೆ ಅಲ್ಲಿಯದು.

ಮುಂದಿನ ವರ್ಷದ ಪಟ್ಟಿಯನ್ನೂ ನಾನೇ ತೆಗೆದೆ. ನಮ್ಮ ಸರ್ವೆ ನಂಬರಿನ ಮುಂದೆ ಅಪ್ಪ, ಚಿಕ್ಕಪ್ಪ. ಹನ್ನೆರಡನೇ ಕಾಲಂನಲ್ಲಿ, ಸ್ವತಃ. ಬೆಳೆ, ಜೋಳ. ವಿಎ ಹಳೆಯ ವರ್ಷದಂತೆಯೇ ತುಂಬಿಸಿದ್ದರು. ಅದಿರಿನ ದಿಬ್ಬದ ಮೇಲೆ ಹಾಳಾದ ಜೋಳಕ್ಕೆ ಸಬ್ಸಿಡಿ ಮಂಜೂರಾಗಿತ್ತು. ಒಡೆಯರು ಬದುಕಿದ್ದರು, ಹೆಸರುಗಳು ಸರಿಯಿದ್ದವು, ಪಟ್ಟಿ ಗೋಡೆಯ ಮೇಲಿತ್ತು, ಯಾರೂ ತಕರಾರು ಕೊಡಲಿಲ್ಲ. ಕಂಪ್ಯೂಟರಿನ ದೃಷ್ಟಿಯಿಂದ ನಮ್ಮೂರಿನ ಪಟ್ಟಿಯಲ್ಲಿ 'ಪೂರ್ಣ' ಎಂಬ ಗುರುತು ಬಿದ್ದ ಸಾಲುಗಳಲ್ಲಿ ಅದೂ ಒಂದು. ನಾನು ರೈಟ್ ಮಾರ್ಕು ಹಾಕಿದ ಐವರು ಸತ್ತವರಲ್ಲಿ ಒಬ್ಬರ ಹೊಲ ಆ ರಸ್ತೆಯಲ್ಲಿ ಇವತ್ತಿಗೂ ಹೊಲವಾಗಿಯೇ ಇದೆ. ಹೋದ ವರ್ಷ ಅಲ್ಲಿ ಸಜ್ಜೆ ನಿಂತಿತ್ತು.

ಗುತ್ತಿಗೆ ಮುಗಿದ ಮೇಲೆ ನಾನು ಆ ಕೆಲಸ ಬಿಟ್ಟೆ. ಬೇಸರದಿಂದ ಬಿಟ್ಟೆ ಎಂದು ಕೆಲವರಿಗೆ ಹೇಳಿದ್ದೇನೆ, ಅದು ಸುಳ್ಳು, ನವೀಕರಿಸಲಿಲ್ಲ, ಅಷ್ಟೇ. ಕೆಲವು ವರ್ಷಗಳಲ್ಲಿ ಗಣಿಗಳೂ ನಿಂತವು. ಪ್ಲಾಟಿನವರು ಅದಿರನ್ನು ಒಯ್ದರು, ಅದರ ಕೆಳಗಿನ ಗಟ್ಟಿ ನೆಲವನ್ನು ಬಿಟ್ಟರು. ಒಮ್ಮೆ ಟ್ರ್ಯಾಕ್ಟರಿನಲ್ಲಿ ಹೊಡೆಸಿ ನೋಡಿದರು. ನೇಗಿಲು ಹೆಂಚಿನಂಥ ಹೆಂಟೆಗಳನ್ನು ಎತ್ತಿ ಹಾಕಿತು, ಜೋಳ ಮೊಳಕೆಯೊಡೆದು ಮೊಣಕಾಲಿನವರೆಗೂ ಬರಲಿಲ್ಲ.

ಅತ್ತೆ ಈಗ ನಮ್ಮ ಜೊತೆ ಹೊಸಪೇಟೆಯಲ್ಲಿದ್ದಾಳೆ. ಮಾತಿನ ನಡುವೆ ಕೆಮ್ಮು ಬಂದರೆ ಮಾತನ್ನು ಅಲ್ಲಿಗೇ ಬಿಡುತ್ತಾಳೆ. ಬೆಳಿಗ್ಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಕ್ಕಿ ಹಸನು ಮಾಡುವುದು ಅವಳ ಕೆಲಸ. ಯಾರೂ ಹೇಳಿಲ್ಲ, ಅವಳೇ ಮಾಡಿಕೊಂಡದ್ದು. ಹೊಲದ ಮಾತು ಬಂದರೆ ಹೆಸರು ತೆಗೆದವರಿಗೆ ಶಾಪ ಹಾಕುತ್ತಾಳೆ. "ಆ ಕೈ ಸೇದಿ ಹೋಗ್ಲಿ," ಎನ್ನುತ್ತಾಳೆ, ಜೋರಿಲ್ಲದೆ, ಕಲ್ಲು ಹೆಕ್ಕುತ್ತಲೇ. ಅವಳು ಹೇಳುವುದು ವಿಎ ಅವರ ಕೈಯನ್ನು ಎಂದು ನಾವೆಲ್ಲ ತಿಳಿದಿದ್ದೆವು. ಅವರು ತೀರಿಕೊಂಡ ಸುದ್ದಿ ಬಂದ ದಿನ ಅವಳು, "ಪಾಪ, ಒಳ್ಳೆ ಮನಶ್ಯಾ," ಅಂದಳು. ಶಾಪ ಮಾತ್ರ ನಿಲ್ಲಲಿಲ್ಲ. ಆಮೇಲೆ ಗಮನಿಸತೊಡಗಿದೆ. ಇಷ್ಟು ವರ್ಷಗಳಲ್ಲಿ ಅವಳು ಯಾವತ್ತೂ ವಿಎ ಅಂದಿಲ್ಲ. "ಆ ಕೈ" ಎಂದೇ ಅಂದಿದ್ದಾಳೆ. ನಾನು ಮನೆಯಲ್ಲಿಲ್ಲದಾಗ ಹಾಗೆ ಅನ್ನುತ್ತಾಳೆಯೇ ಎಂದು ಅವ್ವನನ್ನು ಕೇಳಿದೆ. ಅವ್ವನಿಗೆ ನೆನಪಿರಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳ ಕೆಳಗಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ನಾನು ಕೇಳಿದ್ದು ಅವಳಿಗೆ ಕೇಳಿಸಿತು, ಯಾಕೆಂದರೆ ಮೊರ ನಿಂತಿತು. ಆಮೇಲೆ ಮತ್ತೆ ಕೇರತೊಡಗಿದಳು, ಮುಗಿಸಿ, ನುಚ್ಚನ್ನು ಗುಬ್ಬಿಗಳಿಗೆ ಚೆಲ್ಲಿ ಒಳಗೆ ಹೋದಳು. ಅವತ್ತಿನಿಂದ ಮೊದಲಿನಂತೆಯೇ ಮಾತಾಡುತ್ತಾಳೆ, ನನಗೆ ಊಟಕ್ಕೂ ಬಡಿಸುತ್ತಾಳೆ, ಆದರೆ ಅದಕ್ಕೆ ಮಾತ್ರ ಇನ್ನೂ ಏನೂ ಹೇಳಿಲ್ಲ. ಕೇಳಿದ ಮಾತನ್ನು ಅವತ್ತೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಈ ಸಲ ತಪ್ಪು ನೆನಪಾಗಬಾರದೆಂದು:

"ಅತ್ತೀ, ಅವತ್ತು ನೀ ನನ್ನ ಕಾಲ ಹತ್ರನ ಕುಂತಿದ್ದಿ. ಅಜ್ಜನ ಹೆಸರು ಓದಿದಾಗ ನನ್ನ ಪೆನ್ನು ಎರಡು ಸಲ ಆಡಿದ್ದು ನಿನಗ ಕಂಡಿತ್ತೇನು?"